ತಾಯಿಗೆ ಕ್ಯಾನ್ಸರ್ ಬಂದಿತ್ತು, ಮಗಳು ಯಾವ ವಯಸ್ಸಿನಿಂದ ಪರೀಕ್ಷೆ ಮಾಡಿಸಬೇಕು?

ಪ್ರಶ್ನೆ: ನನಗೆ 31 ವರ್ಷ, ಒಬ್ಬ ಮಗನಿದ್ದಾನೆ. ನನ್ನ ತಾಯಿಗೆ 41ನೆಯ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಬಂದು ಚಿಕಿತ್ಸೆಯಿಂದ ಗುಣವಾಗಿದೆ. ದೊಡ್ಡಮ್ಮ ಅಂಡಾಶಯದ ಕ್ಯಾನ್ಸರ್‌ನಿಂದ ತೀರಿಕೊಂಡರು. ನನಗೆ ಗಂಟು, ನೋವು ಏನೂ ಇಲ್ಲ. ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) 40ರ ನಂತರ ಮಾಡಿಸಿದರೆ ಸಾಕು ಎಂದು ಕೆಲವರು ಹೇಳುತ್ತಾರೆ. ತಂಗಿಗೆ ಸಂಬಂಧ ನೋಡುತ್ತಿರುವುದರಿಂದ ಈ ವಿಷಯ ಎತ್ತಲೇಬೇಡ ಎಂದು ಮನೆಯವರು ಅನ್ನುತ್ತಾರೆ. ನಾನೇನು ಮಾಡಲಿ ಡಾಕ್ಟರೇ?
– ಓದುಗರೊಬ್ಬರು, ಉಡುಪಿ

ಉತ್ತರ: 40ರ ಲೆಕ್ಕ ಸಾಮಾನ್ಯ ಅಪಾಯದ ಮಹಿಳೆಯರಿಗೆ ಹೇಳಿದ್ದು, ಅದು ನಿಮಗೆ ಅನ್ವಯಿಸುವುದಿಲ್ಲ. ಅಕ್ಕತಂಗಿಯರಲ್ಲಿ ಒಬ್ಬರಿಗೆ 50ಕ್ಕೆ ಮೊದಲೇ ಸ್ತನದ, ಇನ್ನೊಬ್ಬರಿಗೆ ಅಂಡಾಶಯದ ಕ್ಯಾನ್ಸರ್ ಬಂದಿದೆ ಎಂದರೆ, 1994 ಮತ್ತು 1995ರಲ್ಲಿ ಗುರುತಿಸಲಾದ ಬಿಆರ್‌ಸಿಎ1, ಬಿಆರ್‌ಸಿಎ2 ಎಂಬ ಜೀನ್‌ಗಳ ಪೈಕಿ ಒಂದರಲ್ಲಿ ದೋಷವಿರಬಹುದೆಂದು ಶಂಕಿಸಲೇಬೇಕಾಗುತ್ತದೆ. ಸ್ತನ ಕ್ಯಾನ್ಸರ್‌ಗಳಲ್ಲಿ ಹೀಗೆ ವಂಶದಿಂದ ಬರುವಂಥವು ಶೇ. 5ರಿಂದ 10 ಮಾತ್ರ. ಆದರೆ ದೋಷವಿರುವ ಮಹಿಳೆಗೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಬರುವ ಸಾಧ್ಯತೆ ಶೇ. 60ನ್ನೂ ಮೀರುತ್ತದೆ.

ಮೊದಲ ರಕ್ತಪರೀಕ್ಷೆ ನಿಮ್ಮದಲ್ಲ, ನಿಮ್ಮ ತಾಯಿಯದಾಗಬೇಕು. ಅವರಲ್ಲಿ ಜೀನ್‌ನ ಯಾವ ಜಾಗದಲ್ಲಿ ದೋಷವಿದೆ ಎಂಬುದು ಸಿಕ್ಕರೆ, ನಿಮ್ಮಲ್ಲಿ ಆ ಒಂದು ಜಾಗವನ್ನಷ್ಟೇ ನೋಡಿದರೆ ಸಾಕು, ಅಲ್ಲಿ ದೋಷ ಇಲ್ಲವೆಂದಾದರೆ ತಾಯಿಯಿಂದ ಬರಬಹುದಾಗಿದ್ದ ಆ ಅಪಾಯ ನಿಮಗೆ ಬಂದಿಲ್ಲವೆಂದು ನೆಮ್ಮದಿಯಿಂದ ಹೇಳಬಹುದು. ತಾಯಿಯನ್ನು ಬಿಟ್ಟು ನಿಮ್ಮನ್ನೇ ಮೊದಲು ಪರೀಕ್ಷಿಸಿ ಏನೂ ಸಿಗದಿದ್ದರೆ, ದೋಷ ನಿಮಗೆ ಬಂದಿಲ್ಲವೋ ಅಥವಾ ಕುಟುಂಬದ ಕಾಯಿಲೆಗೆ ಕಾರಣವೇ ಬೇರೆಯೋ ತಿಳಿಯುವುದಿಲ್ಲ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಇದಕ್ಕೆಂದೇ ಜೆನೆಟಿಕ್ಸ್ ವಿಭಾಗವಿದೆ. ಹೋಗುವಾಗ ತಾಯಿಯ ಹಳೆಯ ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ) ವರದಿಯನ್ನೂ, ಸಿಕ್ಕರೆ ದೊಡ್ಡಮ್ಮನ ಡಿಸ್ಚಾರ್ಜ್ ಚೀಟಿಯನ್ನೂ ಒಯ್ಯಿರಿ. ನಮ್ಮ ಕರಾವಳಿಯ ಅಳಿಯಕಟ್ಟಿನ ಮನೆಗಳಲ್ಲಿ ಕುಟುಂಬ ಎಂದರೆ ತಾಯಿಯ ಕಡೆಯವರೇ ಆಗಿರುವುದರಿಂದ, ವೈದ್ಯರು ಕೇಳಿದಾಗ ತಂದೆಯ ಅಕ್ಕತಂಗಿಯರ ಕಾಯಿಲೆಯನ್ನು ಹೇಳಲು ಮರೆಯುವುದುಂಟು. ಈ ದೋಷ ತಂದೆಯಿಂದಲೂ ಅಷ್ಟೇ ಪ್ರಮಾಣದಲ್ಲಿ ಬರುತ್ತದೆ, ಗಂಡುಮಕ್ಕಳಿಗೂ ಬರುತ್ತದೆ.

ದೋಷ ನಿಮ್ಮಲ್ಲಿ ಕಂಡುಬಂದರೆ ವರ್ಷಕ್ಕೊಮ್ಮೆ ಸ್ತನದ ಎಂಆರ್‌ಐ ಮತ್ತು ಮ್ಯಾಮೊಗ್ರಾಂ ಎರಡೂ ಬೇಕು. ಎಳೆಯ ವಯಸ್ಸಿನಲ್ಲಿ ಸ್ತನದ ಅಂಗಾಂಶ ದಟ್ಟವಾಗಿರುವುದರಿಂದ ಮ್ಯಾಮೊಗ್ರಾಂನಲ್ಲಿ ಅದೂ ಬೆಳ್ಳಗೆ, ಗಡ್ಡೆಯೂ ಬೆಳ್ಳಗೆ ಕಂಡು ಸಣ್ಣ ಗಡ್ಡೆ ಮರೆಯಾಗಿಬಿಡಬಹುದು. ಎಂಆರ್‌ಐ ಅದನ್ನು ಹಿಡಿಯುತ್ತದೆ, ಅದರಲ್ಲಿ ವಿಕಿರಣವೂ ಇಲ್ಲ. ಮುಟ್ಟಿನ 7ರಿಂದ 15ನೆಯ ದಿನದೊಳಗೆ ಮಾಡಿಸಿದರೆ ಚಿತ್ರ ಹೆಚ್ಚು ಸ್ಪಷ್ಟ. ಏನೋ ಕಾಣುತ್ತಿದೆ ಎಂದು ಮತ್ತೆ ಕರೆಸಿದರೆ ದಯವಿಟ್ಟು ಹೆದರಬೇಡಿ, ಹಾಗೆ ಕರೆಸಿದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಅಂಡಾಶಯದ ವಿಷಯದಲ್ಲಿ ಮಾತ್ರ ಇಂಥ ನಂಬಬಹುದಾದ ತಪಾಸಣೆ ಇಲ್ಲ. ಸಿಎ-125 ರಕ್ತಪರೀಕ್ಷೆ, ಸ್ಕ್ಯಾನಿಂಗ್ ಇವುಗಳಿಂದ ಸಾವು ಕಡಿಮೆಯಾದದ್ದು ಕಂಡುಬಂದಿಲ್ಲ. ಆದ್ದರಿಂದಲೇ ದೋಷವಿರುವವರಿಗೆ, ಮಕ್ಕಳು ಸಾಕೆನಿಸಿದ ಮೇಲೆ, ಬಿಆರ್‌ಸಿಎ1 ಆದರೆ 35ರಿಂದ 40ರೊಳಗೆ, ಬಿಆರ್‌ಸಿಎ2 ಆದರೆ 40ರಿಂದ 45ರೊಳಗೆ ಅಂಡಾಶಯ ಮತ್ತು ಅಂಡನಾಳಗಳನ್ನು ತೆಗೆಸುವಂತೆ ಸಲಹೆ ಕೊಡುತ್ತೇವೆ.

ತಾಯಿ ಪರೀಕ್ಷೆಗೆ ಒಪ್ಪದಿದ್ದರೂ ನೀವು ಕಾಯುತ್ತ ಕೂರಬೇಡಿ. ಹತ್ತಿರದ ಸಂಬಂಧಿಗೆ ಕಾಯಿಲೆ ಬಂದ ವಯಸ್ಸಿಗಿಂತ 10 ವರ್ಷ ಮೊದಲೇ ತಪಾಸಣೆ ಆರಂಭಿಸಬೇಕೆಂಬುದು ಇಂಥ ಕುಟುಂಬಗಳಿಗಿರುವ ನಿಯಮ, ಹಾಗೆ ನೋಡಿದರೆ ನಿಮಗೆ ಅದು ಇದೇ ವರ್ಷ. ತಂಗಿಯ ವಿಷಯದಲ್ಲಿ ಮನೆಯವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ತಾಯಿಯಲ್ಲಿ ದೋಷವಿದ್ದರೂ ಅದು ತಂಗಿಗೆ ಬಂದಿರುವ ಸಾಧ್ಯತೆ ಅರ್ಧ, ಬಾರದಿರುವ ಸಾಧ್ಯತೆಯೂ ಅರ್ಧ. ವರದಿಯನ್ನು ಆಸ್ಪತ್ರೆಯವರು ಹೊರಗಿನವರಿಗೆ ಕೊಡುವುದಿಲ್ಲ. ವಿಷಯವನ್ನು ಅವಳಿಗೆ ತಿಳಿಸಿ, ಪರೀಕ್ಷೆಯ ನಿರ್ಧಾರವನ್ನು ಅವಳಿಗೇ ಬಿಡಿ.

ಪ್ರಶ್ನೆ: ನನ್ನ ತಂದೆಗೆ 58 ವರ್ಷ. ಬಹಳ ವರ್ಷಗಳಿಂದ ಹೊಗೆಸೊಪ್ಪು ಹಾಕಿ ಎಲೆಯಡಿಕೆ ಜಗಿಯುತ್ತಾರೆ. ಈಗ ಖಾರ ತಿಂದರೆ ಬಾಯಿ ಉರಿಯುತ್ತದೆ, ಬಾಯಿ ಪೂರ್ತಿ ತೆರೆಯಲು ಆಗುತ್ತಿಲ್ಲ. ಯಾವ ಸ್ಕ್ಯಾನ್ ಮಾಡಿಸಬೇಕು?
– ಓದುಗರೊಬ್ಬರು, ಮಂಗಳೂರು

ಉತ್ತರ: ಸ್ಕ್ಯಾನ್‌ಗಿಂತ ಮೊದಲು, ಈ ವಾರವೇ ದಂತವೈದ್ಯರಲ್ಲಿಗೆ ಕರೆದೊಯ್ಯಿರಿ. ಒಳ್ಳೆಯ ಬೆಳಕಿನಲ್ಲಿ ಕೆನ್ನೆಯ ಒಳಭಾಗ, ನಾಲಿಗೆಯ ಅಂಚು, ನಾಲಿಗೆಯ ಕೆಳಗೆ ಕಣ್ಣಿನಿಂದ ನೋಡಿ ಬೆರಳಿನಿಂದ ಮುಟ್ಟಿ ಪರೀಕ್ಷಿಸುವುದೇ ಇಲ್ಲಿ ಮುಖ್ಯ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ ಇಷ್ಟು ಸರಳ ತಪಾಸಣೆಯಿಂದಲೇ ಬಾಯಿ ಕ್ಯಾನ್ಸರ್‌ನ ಸಾವು ಸುಮಾರು ಮೂರನೆಯ ಒಂದು ಭಾಗ ಕಡಿಮೆಯಾಗಿತ್ತು. ಅಡಿಕೆ ಬೆಳೆದು ಬದುಕುವ ನಮ್ಮ ಜಿಲ್ಲೆಯಲ್ಲಿ ಹೇಳಲು ಕಷ್ಟವಾದರೂ ಹೇಳಲೇಬೇಕು: ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಜಗಿದರೂ ಅಪಾಯವಿದೆ, 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಲಾಗಿದೆ. ಬಾಯಿ ತೆರೆಯಲಾಗದಿರುವುದು ಹೆಚ್ಚಾಗಿ ಅಡಿಕೆಯಿಂದಲೇ ಬರುವ ತೊಂದರೆ, ಅದು ಮುಂದೆ ಕ್ಯಾನ್ಸರ್‌ಗೆ ತಿರುಗಬಹುದು. ಬಿಳಿ ಅಥವಾ ಕೆಂಪು ಮಚ್ಚೆಯೋ ಹುಣ್ಣೋ ಎರಡು ವಾರಕ್ಕಿಂತ ಹೆಚ್ಚು ಉಳಿದಿದ್ದರೆ ಮುಲಾಮು ಹಚ್ಚಿ ದಿನ ದೂಡದೆ ಬಯಾಪ್ಸಿ ಮಾಡಿಸಿರಿ.