ಮಲೇರಿಯಾ ಲಸಿಕೆ ಬಂದಾಯ್ತು, ಇನ್ನು ಆಕ್ಸ್‌ಫರ್ಡ್‌ನಲ್ಲಿ ಕೆಲಸ ಏನು?

ಮಂಗಳೂರು ಬಿಟ್ಟು ಆಕ್ಸ್‌ಫರ್ಡಿನ ಮಲೇರಿಯಾ ಲಸಿಕೆ ಲ್ಯಾಬಿಗೆ ಪೋಸ್ಟ್‌ಡಾಕ್ ಆಗಿ, ಅಂದ್ರೆ ಪಿಎಚ್‌ಡಿ ನಂತರದ ಸಂಶೋಧನೆಗೆ, ಬರ್ತಿದ್ದೀರಿ. ಇಲ್ಲಿ ಬದುಕು ಹೇಗೆ, ಆರ್21 ಅನ್ನೋ ಮಲೇರಿಯಾ ಲಸಿಕೆ ಬಂದಾಯ್ತಲ್ಲ, ಇನ್ನೇನು ಉಳಿದಿದೆ ಅಂತ ಕೇಳಿದ್ದೀರಿ.

ಬದುಕಿನದ್ದು ಬೇಗ ಹೇಳಿಬಿಡ್ತೀನಿ. ಬಾಡಿಗೆ ದುಬಾರಿ. ಹೆಡಿಂಗ್ಟನ್‌ನಲ್ಲಿ ರೂಮು ಹುಡುಕಿ, ಓಲ್ಡ್ ರೋಡ್ ಕ್ಯಾಂಪಸ್ಸಿಗೆ ನಡೆದೇ ಹೋಗಬಹುದು. ಬೇಳೆ, ಹಸಿಮೆಣಸಿಗೆ ಕೌಲಿ ರೋಡ್. ಡಿಸೆಂಬರಿನಲ್ಲಿ ನಾಲ್ಕಕ್ಕೇ ಕತ್ತಲು. ಮೊದಲ ಚಳಿಗಾಲದ ರಜೆಯಲ್ಲಿ ಒಬ್ಬರೇ ಇರಬೇಡಿ.

ಕೆಲಸ ಮಾತ್ರ ಬೇಕಾದಷ್ಟಿದೆ. ಸೊಳ್ಳೆ ಚರ್ಮದೊಳಗೆ ಬಿಟ್ಟ ಪರಾವಲಂಬಿಗಳಲ್ಲಿ ಒಂದೇ ಒಂದು ತಪ್ಪಿಸಿಕೊಂಡು ಲಿವರ್ ಸೇರಿದರೂ ಸಾಕು, ಸುಮಾರು ಒಂದು ವಾರದಲ್ಲಿ ಸಾವಿರಾರಾಗಿ ರಕ್ತಕ್ಕಿಳಿಯುತ್ತೆ. ಹಾಗಾಗಿ ಆ್ಯಂಟಿಬಾಡಿ ವಿಪರೀತ ಹೆಚ್ಚಿರಬೇಕು. ಹಳೆಯ ಆರ್‌ಟಿಎಸ್,ಎಸ್ ಲಸಿಕೆಯ ಕಣದಲ್ಲಿ ಹೊರೋ ಚೌಕಟ್ಟಾದ ಬರೀ ಹೆಪಟೈಟಿಸ್-ಬಿ ಪ್ರೋಟೀನೇ ಜಾಸ್ತಿ, ಅದಕ್ಕೆ ಜೋಡಿಸಿದ ಮಲೇರಿಯಾ ಪರಾವಲಂಬಿಯ ಪ್ರೋಟೀನಿನ ತುಂಡು ಕಡಿಮೆ. ಆರ್21ರಲ್ಲಿ ಪ್ರತಿ ಪ್ರೋಟೀನಿಗೂ ಆ ತುಂಡು ಜೋಡಿಸಿದ್ದಾರೆ. ಜೊತೆಗೆ ರೋಗನಿರೋಧಕ ಪ್ರತಿಕ್ರಿಯೆಯನ್ನ ಹೆಚ್ಚಿಸೋ ಮ್ಯಾಟ್ರಿಕ್ಸ್-ಎಂ ಬೆರೆಸ್ತಾರೆ. ಅದರಲ್ಲಿರೋ ಸಪೋನಿನ್ ಅನ್ನೋ ನೊರೆ ಬರಿಸೋ ವಸ್ತು ಬರೋದು ಚಿಲಿಯ ಕ್ವಿಲಾಯಾ ಮರದ ತೊಗಟೆಯಿಂದ. ನಮ್ಮ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸೋ ಈ ಲಸಿಕೆಯನ್ನ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಶಿಫಾರಸು ಮಾಡಿತು. ಮಲೇರಿಯಾ ಹೆಚ್ಚೋ ಕಾಲಕ್ಕೆ ಮುಂಚೆ ಮೂರು ಡೋಸ್ ಕೊಟ್ಟ ಕಡೆ ಒಂದು ವರ್ಷ ಸುಮಾರು 75% ರಕ್ಷಣೆ ಸಿಕ್ಕಿತು. ಆಮೇಲೆ ಆ್ಯಂಟಿಬಾಡಿ ಇಳಿಯುತ್ತೆ, ನಾಲ್ಕನೇ ಡೋಸ್ ಬೇಕು. ದೂರದ ಹಳ್ಳಿಯ ತಾಯಿಗೆ ಮಗುವನ್ನ ನಾಲ್ಕು ಸಲ ಎತ್ತಿಕೊಂಡು ಬರೋದು ಎಷ್ಟು ಕಷ್ಟ ಅಂತ ಯೋಚಿಸಿ. ನನ್ನ ಮಟ್ಟಿಗೆ ಅದೇ ದೊಡ್ಡ ಪ್ರಶ್ನೆ.

ಲಿವರ್ ದಾಟಿ ಬಂದದ್ದನ್ನ ಕೆಂಪು ರಕ್ತಕಣದ ಬಾಗಿಲಲ್ಲೇ ತಡೆಯೋಕೆ ಪರಾವಲಂಬಿಯ ಆರ್‌ಎಚ್5 ಅನ್ನೋ ಪ್ರೋಟೀನಿನ ಲಸಿಕೆ ಪ್ರಯೋಗದಲ್ಲಿದೆ. ಇನ್ನು, ಮಂಗಳೂರಿನಲ್ಲಿ ನೀವು ಕಂಡಿರೋ ಮಲೇರಿಯಾ ಬಹುಪಾಲು ವೈವ್ಯಾಕ್ಸ್ ಅನ್ನೋ ಪರಾವಲಂಬಿಯದ್ದು. ಆರ್21 ಫಾಲ್ಸಿಪ್ಯಾರಮ್ ಅನ್ನೋ ಬೇರೆ ಜಾತಿಗಾಗಿ ಮಾಡಿದ್ದು. ನಮ್ಮೂರಿನ ಜ್ವರಕ್ಕೆ ಇನ್ನೂ ಲಸಿಕೆಯಿಲ್ಲ.

ಚಾಲೆಂಜ್ ಟ್ರಯಲ್, ಅಂದ್ರೆ ಬೇಕಂತಲೇ ಸೋಂಕು ತಗುಲಿಸಿ ಲಸಿಕೆ ಪರೀಕ್ಷಿಸೋ ಪ್ರಯೋಗ, ನಡೆದರೆ ಒಮ್ಮೆ ನೋಡಲು ಅನುಮತಿ ಕೇಳಿ. ಬಲೆ ಕಟ್ಟಿದ ಡಬ್ಬಿಯಲ್ಲಿ ಸೋಂಕಿನ ಐದು ಸೊಳ್ಳೆ. ಆರೋಗ್ಯವಂತರು ತಾವಾಗಿ ತೋಳು ಕೊಟ್ಟು ಕಚ್ಚಿಸಿಕೊಳ್ತಾರೆ. ಕಚ್ಚಿದ ಸೊಳ್ಳೆಗಳನ್ನ ಸೀಳಿ, ಜೊಲ್ಲುಗ್ರಂಥಿಯಲ್ಲಿ ಪರಾವಲಂಬಿ ಇತ್ತಾ ಅಂತ ಮೈಕ್ರೋಸ್ಕೋಪಿನಲ್ಲಿ ನೋಡ್ತಾರೆ. ಆ ಸ್ವಯಂಸೇವಕರ ಬಗ್ಗೆ ನನಗೆ ತುಂಬ ಗೌರವ.

ಆಫರ್ ಲೆಟರಿಗೆ ಸಹಿ ಹಾಕೋ ಮುಂಚೆ, ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೋದಲ್ಲಿರೋ ಲಸಿಕೆ ಟ್ರಯಲ್ ಕೇಂದ್ರಕ್ಕೆ ಹೋಗೋ ಅವಕಾಶ ಇದೆಯಾ ಅಂತ ಪ್ರೊಫೆಸರನ್ನ ಕೇಳಿ. ಇದ್ದರೆ ಬಿಡಬೇಡಿ.