ಕಾಸರಗೋಡು ಪೇಟೆಯಲ್ಲಿ 249 ಗ್ರಾಂ ಡ್ರೋನ್ ಹಾರಿಸುವ ಮೊದಲು ಏನೇನು ನೋಡಬೇಕು?

ಹೊಸ ಬಸ್‌ಸ್ಟ್ಯಾಂಡ್ ಬಳಿಯ ಮನೆಯ ತಾರಸಿಯಿಂದ ಕಡಲಿನವರೆಗೆ ಕಳಿಸಬಹುದೇ ಎಂದು ಕೇಳಿದ್ದೀರಿ. ಅಲ್ಲಿಂದ ಬೇಡ. ಡ್ರೋನ್ ಕಣ್ಣಳತೆಯಲ್ಲೇ ಇರಬೇಕೆಂಬುದು ನಿಯಮ; ಇಷ್ಟು ಚಿಕ್ಕದು ಅರ್ಧ ಕಿ.ಮೀ. ದಾಟುವ ಮೊದಲೇ ಕಾಣದಾಗುತ್ತದೆ. ತಾರಸಿಯ ಕಾಂಕ್ರೀಟಿನೊಳಗಿನ ಕಬ್ಬಿಣದಿಂದ ಕಂಪಾಸ್ ಕೂಡ ದಾರಿ ತಪ್ಪುತ್ತದೆ. ಕಡಲ ದಂಡೆಗೇ ಹೋಗಿ ಹಾರಿಸಿ.

ಹೊರಡುವ ದಿನವೇ ಡಿಜಿಟಲ್ ಸ್ಕೈ ನಕ್ಷೆ, ಅಂದರೆ ಎಲ್ಲಿ ಹಾರಿಸಬಹುದೆಂದು ತೋರಿಸುವ ಸರಕಾರದ ಆನ್‌ಲೈನ್ ನಕ್ಷೆ, ನೋಡಿ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ 400 ಅಡಿವರೆಗೆ ಅನುಮತಿ ಬೇಡ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ ಆದರೆ 200 ಅಡಿ ಮಾತ್ರ. ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣ ನಮಗೆ ದೂರ, ಆದರೆ ಡ್ರೋನನ್ನು ಮಂಗಳೂರಿಗೆ ಒಯ್ದರೆ ಈ ಲೆಕ್ಕ ಬೇಕಾಗುತ್ತದೆ. ಮಂತ್ರಿಗಳು ಬರುವಾಗ ಅಥವಾ ದೊಡ್ಡ ಜನಜಾತ್ರೆ ಇದ್ದಾಗ 96 ಗಂಟೆಗಳವರೆಗೆ ತಾತ್ಕಾಲಿಕ ಕೆಂಪು ವಲಯ (ಹಾರಾಟ ನಿಷಿದ್ಧ) ಸಾರಬಹುದು. ಠಾಣೆಗೊಂದು ಫೋನ್ ಮಾಡಿ ಕೇಳುವುದು ಒಳ್ಳೆಯದು. ಬೇಕಲ ಕೋಟೆ ಪುರಾತತ್ವ ಇಲಾಖೆಯದು, ನಕ್ಷೆ ಹಸಿರಾಗಿದ್ದರೂ ಅವರ ಅನುಮತಿ ಬೇರೆಯೇ ಬೇಕು. ದೊಡ್ಡ ಬ್ಯಾಟರಿ ಹಾಕಿ ತೂಕ 250 ಗ್ರಾಂ ದಾಟಿದರೆ ಅದು ಮೈಕ್ರೋ ವರ್ಗ. ಆಗ ವಿಮೆಯೂ ಕಡ್ಡಾಯ.

ಡ್ರೋನ್ ಕಳೆದುಹೋಗುವುದು ಹೆಚ್ಚಾಗಿ ಗಾಳಿಯಿಂದ. ನೆಲದಲ್ಲಿ ತೆಂಗಿನ ಗರಿ ಅಲುಗದಿದ್ದರೂ 100 ಮೀಟರ್ ಮೇಲೆ ಗಾಳಿ ಜೋರಾಗಿರಬಹುದು. ವಿಂಡಿ ಆ್ಯಪ್‌ನಲ್ಲಿ ಎತ್ತರವನ್ನು 100 ಮೀಟರಿಗೆ ಇಟ್ಟು ನೋಡಿ, ಒಮ್ಮೆಲೇ ಬೀಸುವ ಗಾಳಿಯ (ಗಸ್ಟ್) ರಭಸವನ್ನೂ ಬೇರೆಯಾಗಿ ನೋಡಿ. ಈ ತೂಕದವು ಸಾಮಾನ್ಯವಾಗಿ ಸೆಕೆಂಡಿಗೆ 10.7 ಮೀಟರ್, ಅಂದರೆ ಗಂಟೆಗೆ 38 ಕಿ.ಮೀ. ತಡೆಯುತ್ತವೆ ಎನ್ನುತ್ತಾರೆ. ಈ ರಭಸ ಗಂಟೆಗೆ 25 ಕಿ.ಮೀ. ದಾಟಿದರೆ ನಾನು ಹಾರಿಸಬೇಡಿ ಎನ್ನುತ್ತೇನೆ.

ಬೆಳಗ್ಗೆ ಗಾಳಿ ಮೂಡಣದಿಂದ, ಬಿಸಿಲೇರಿದ ಮೇಲೆ ಪಡುವಣದಿಂದ. ಬೆಳಗ್ಗೆ ಕಡಲಿನತ್ತ ಸಲೀಸಾಗಿ ಹೋದ ಡ್ರೋನ್ ಮರಳುವಾಗ ಎದುರುಗಾಳಿಗೆ ಸಿಕ್ಕಿ ಬ್ಯಾಟರಿ ಮುಗಿಸುತ್ತದೆ. ಹಾಗಾಗಿ ಮೊದಲು ಗಾಳಿಗೆ ಎದುರಾಗಿ ಹೋಗಿ, ಗಾಳಿಯ ಜೊತೆ ಮರಳಿ. ಎದುರುಗಾಳಿಯಲ್ಲಿ ಸಿಕ್ಕಿಬಿದ್ದರೆ ಎತ್ತರ ಇಳಿಸಿ, ವೇಗ ಹೆಚ್ಚಿಸುವ ಸ್ಪೋರ್ಟ್ ಮೋಡ್ ಹಾಕಿ, ಕೆಳಗೆ ಗಾಳಿ ಕಡಿಮೆ. ಮೀನು ಇಳಿಸುವ ಹೊತ್ತಿನಲ್ಲಿ ಬಂದರಿನ ಹತ್ತಿರ ಬೇಡ, ಗಿಡುಗಗಳು ಎರಗುತ್ತವೆ.

ಅಕ್ಟೋಬರ್, ನವೆಂಬರಿನಲ್ಲಿ ಮಧ್ಯಾಹ್ನದ ಮೇಲೆ ಸಿಡಿಲಿನ ಎಚ್ಚರಿಕೆ ಕೊಡುವ ದಾಮಿನಿ ಆ್ಯಪ್ ತೆರೆದಿಡಿ. ಸುತ್ತಮುತ್ತ ಸಿಡಿಲು ಕಂಡ ಕೂಡಲೇ ಇಳಿಸಿ.