ಅರ್ಜಿ ಫಾರ್ಮ್ ಒಂದೇ ಪುಟದಲ್ಲಿರಬೇಕೋ, ಐದು ಹಂತಗಳಲ್ಲೋ? ಮೊದಲು ಮೊಬೈಲ್ ನಂಬರಿನ ಬಾಕ್ಸ್ ನೋಡಿ

ನಿಮ್ಮ ಟ್ರಸ್ಟಿನ ವಿದ್ಯಾರ್ಥಿವೇತನದ ಅರ್ಜಿಯನ್ನು ಅರ್ಧಕ್ಕರ್ಧ ಜನ ಶುರುವಿನಲ್ಲೇ ಬಿಟ್ಟು ಹೋಗ್ತಿದ್ದಾರೆ, ಅದನ್ನು ಐದು ಹಂತಗಳಾಗಿ ಒಡೆಯಲೇ ಎಂದು ಕೇಳಿದ್ದೀರಿ. ಬೇಡ. ಇದೇ ವಾದ ನಮ್ಮಲ್ಲೂ ನಡೆದು, ಒಡೆದೂ ಆಗಿ, ಜನ ಬಿಟ್ಟು ಹೋಗುವುದು ಮಾತ್ರ ಹಾಗೇ ಇತ್ತು. ಎಲ್ಲಕ್ಕೂ ಮೂಲ ಮೊಬೈಲ್ ನಂಬರಿನ ಬಾಕ್ಸಿಗೆ ಹಾಕಿದ್ದ ಒಂದು ಮಿತಿ.

ನಮ್ಮ ದೇಶದ ಮೊಬೈಲ್ ನಂಬರ್ 10 ಅಂಕಿಯದು, 6, 7, 8 ಅಥವಾ 9ರಿಂದ ಶುರುವಾಗುತ್ತದೆ. ಹಾಗಾಗಿ ಫಾರ್ಮಿನ ಕೋಡ್ ಬರೆಯುವವರು ಯೋಚನೆಯೇ ಮಾಡದೆ ‘ಮ್ಯಾಕ್ಸ್‌ಲೆಂಗ್ತ್ 10’, ಅಂದರೆ ಹತ್ತಕ್ಕಿಂತ ಹೆಚ್ಚು ಅಕ್ಷರ ಬೇಡ ಎಂಬ ಮಿತಿ, ಹಾಕಿಬಿಡುತ್ತಾರೆ. ಕೈಯಲ್ಲಿ ಟೈಪ್ ಮಾಡುವವರಿಗೆ ಇದರಿಂದ ತೊಂದರೆಯಿಲ್ಲ. ಆದರೆ ಇಂಥ ಅರ್ಜಿಗಳನ್ನು ಎಷ್ಟೋ ಸಲ ತುಂಬುವವರು ಸೈಬರ್ ಸೆಂಟರಿನವರು. ವಾಟ್ಸಾಪಿನಲ್ಲಿ ಬಂದ ನಂಬರನ್ನು ಕಾಪಿ ಮಾಡಿ ಪೇಸ್ಟ್ ಮಾಡುತ್ತಾರೆ. ಆಗ ಬ್ರೌಸರ್ ಮೊದಲ 10 ಅಕ್ಷರ ಇಟ್ಟುಕೊಂಡು ಮಿಕ್ಕಿದ್ದನ್ನು ಸದ್ದಿಲ್ಲದೆ ಕತ್ತರಿಸುತ್ತದೆ. ಒಂದು ಎಚ್ಚರಿಕೆಯೂ ಬರುವುದಿಲ್ಲ.

ನೀವೇ ‘+91 98765 43210’ ಎಂದು ಪೇಸ್ಟ್ ಮಾಡಿ ನೋಡಿ. ಪ್ಲಸ್ ಗುರುತು, ಸ್ಪೇಸ್ ಎಲ್ಲ ಲೆಕ್ಕಕ್ಕೆ ಬರುವುದರಿಂದ ಉಳಿಯುವುದು ‘+91 98765’, ಅದರ ಬಾಲಕ್ಕೆ ಒಂದು ಸ್ಪೇಸ್. ಇದು ವಾಸಿ, ‘ನಂಬರ್ ತಪ್ಪು’ ಅಂತಾದರೂ ಹೇಳುತ್ತದೆ. ನಿಜವಾದ ಅಪಾಯ ‘919876543210’ ಎಂದು ಒಟ್ಟಿಗೆ ಬಂದಾಗ. ಕತ್ತರಿಸಿ ಉಳಿದದ್ದು 9198765432. ಹತ್ತು ಅಂಕಿ ಇದೆ, 9ರಿಂದ ಶುರುವಾಗಿದೆ, ನೀವು ಬರೆದ ಎಲ್ಲ ಪರೀಕ್ಷೆಯಲ್ಲೂ ಪಾಸ್! ಓಟಿಪಿ ಮಾತ್ರ ಗುರುತು ಪರಿಚಯ ಇಲ್ಲದ ಯಾರದೋ ಫೋನಿಗೆ. ಹುಡುಗ ‘ಮತ್ತೆ ಕಳಿಸಿ’ ಒತ್ತುತ್ತಾನೆ, ಕಾಯುತ್ತಾನೆ, ನೆಟ್‌ವರ್ಕ್ ಸರಿಯಿಲ್ಲ ಅಂದುಕೊಂಡು ಎದ್ದು ಹೋಗುತ್ತಾನೆ. ನಿಮ್ಮ ವರದಿಯಲ್ಲಿ ಅವನು ‘ಮೊದಲ ಪುಟದಲ್ಲೇ ಬಿಟ್ಟವನು’. ವರದಿ ನೋಡಿದವರಿಗೆ ‘ಫಾರ್ಮ್ ಉದ್ದ ಆಯ್ತು’ ಅನ್ನಿಸುತ್ತದೆ, ಹಂತಗಳ ಚರ್ಚೆ ಶುರುವಾಗುತ್ತದೆ. ಓಟಿಪಿಯೇ ಇಲ್ಲದ ಫಾರ್ಮಾದರೆ ಇನ್ನೂ ಕಷ್ಟ. ತಪ್ಪು ನಂಬರ್ ಡೇಟಾಬೇಸಿನಲ್ಲಿ ಕೂತು, ಹಣ ಮಂಜೂರಾದ ಮೆಸೇಜು ಬೇರೆಯವರಿಗೆ ಹೋಗುತ್ತದೆ.

ನಿಮ್ಮಲ್ಲೂ ಇದೇ ಆಗಿದೆಯೇ ಎಂದು ತಿಳಿಯಲು ಓಟಿಪಿ ದಾಟದ ನಂಬರುಗಳನ್ನು ಹೊರತೆಗೆಯಿರಿ. ಅವುಗಳಲ್ಲಿ 91ರಿಂದ ಶುರುವಾಗಿ ಮೂರನೇ ಅಂಕಿಯೂ 6ರಿಂದ 9ರೊಳಗಿರುವವು ಎಷ್ಟು, ಓಟಿಪಿ ದಾಟಿದವರಲ್ಲಿ ಅಂಥವು ಎಷ್ಟು, ಹೋಲಿಸಿ. ಮೊದಲನೆಯದರ ಪಾಲು ಎದ್ದು ಕಾಣುವಷ್ಟು ಹೆಚ್ಚಿದ್ದರೆ ಕಳ್ಳ ಸಿಕ್ಕ ಹಾಗೆ.

ಸರಿಪಡಿಸುವುದು ಸುಲಭ. ಮಿತಿಯನ್ನು ತೆಗೆದುಹಾಕಿ, ಇಲ್ಲವೇ 20ಕ್ಕೆ ಏರಿಸಿ. ಬಂದದ್ದನ್ನು ಬಂದ ಹಾಗೇ ತೆಗೆದುಕೊಂಡು ಆಮೇಲೆ ಶುಚಿ ಮಾಡಿ, ಬ್ರೌಸರಿನಲ್ಲಿ ಒಮ್ಮೆ, ಸರ್ವರಿನಲ್ಲಿ ಇನ್ನೊಮ್ಮೆ. ಮೊದಲು ಕನ್ನಡ ಅಂಕಿಗಳನ್ನು ಬದಲಿಸಿಕೊಳ್ಳಿ. ಜಾವಾಸ್ಕ್ರಿಪ್ಟಿನ ರೆಗೆಕ್ಸ್‌ಗೆ (ತುಂಬಿದ್ದು ಬೇಕಾದ ಮಾದರಿಯಲ್ಲಿದೆಯೇ ಎಂದು ನೋಡುವ ಸೂತ್ರ) ಅಂಕಿ ಎಂದರೆ 0ಯಿಂದ 9 ಮಾತ್ರ, ಕನ್ನಡ ಕೀಬೋರ್ಡಿನಲ್ಲಿ ಒತ್ತಿದ ೯೮೭೬೫ ಅದಕ್ಕೆ ಅಂಕಿಯೇ ಅಲ್ಲ. ಆ ಕನ್ನಡ ಅಂಕಿಗೆ ಕಂಪ್ಯೂಟರಿನಲ್ಲಿ ಇರುವ ಯೂನಿಕೋಡ್ ಸಂಖ್ಯೆಯಲ್ಲಿ 3302 ಕಳೆದರೆ ಬೇಕಾದ ಅಂಕಿ ಸಿಗುತ್ತದೆ. ಆಮೇಲೆ ಅಂಕಿಯಲ್ಲದ್ದನ್ನೆಲ್ಲ ತೆಗೆಯಿರಿ. ಉಳಿದದ್ದು 12 ಅಂಕಿಯಾಗಿ 91ರಿಂದ ಶುರುವಾದರೆ ಮೊದಲ ಎರಡನ್ನು ತೆಗೆದುಹಾಕಿ. 11 ಅಂಕಿಯಾಗಿ ಸೊನ್ನೆಯಿಂದ ಶುರುವಾದರೆ ಸೊನ್ನೆ ಬಿಡಿ. ಹತ್ತೇ ಅಂಕಿಯಿದ್ದು 91ರಿಂದ ಶುರುವಾದರೆ ಮುಟ್ಟಬೇಡಿ, ಅಂಥ ನಂಬರುಗಳು ನಿಜಕ್ಕೂ ಇವೆ. ಕೊನೆಗೆ ‘98765 43210ಗೆ ಓಟಿಪಿ ಕಳಿಸಿದ್ದೇವೆ’ ಎಂದು ಪೂರ್ತಿ ನಂಬರ್ ತೋರಿಸಿ, ಪಕ್ಕದಲ್ಲೇ ‘ನಂಬರ್ ಬದಲಿಸಿ’ ಕೊಡಿ. ಭದ್ರತೆ ಎಂದು ನಡುವೆ ನಕ್ಷತ್ರ ಹಾಕಿ ಮುಚ್ಚುತ್ತಾರಲ್ಲ, ಈಗಷ್ಟೇ ಅವರೇ ಕೊಟ್ಟ ನಂಬರನ್ನು ಅವರಿಂದಲೇ ಮುಚ್ಚಿಡುವುದು ಯಾವ ಭದ್ರತೆಯೋ ನಾ ಕಾಣೆ.

ಕೋಡಿನಲ್ಲಿ ಬಾಕ್ಸಿನ ಬಗೆಯನ್ನು ‘ಟೈಪ್ ನಂಬರ್’ ಎಂದು ಹಾಕಿದ್ದರೆ ಅದನ್ನೂ ಕಿತ್ತುಹಾಕಿ. ಅದು ಎಣಿಕೆಗೆ ಇರುವುದು, ಗುರುತಿನ ಸಂಖ್ಯೆಗಲ್ಲ. ಕೆಲವು ಬ್ರೌಸರುಗಳಲ್ಲಿ ಪುಟ ಸರಿಸಲು ಮೌಸಿನ ಚಕ್ರ ತಿರುಗಿಸಿದರೆ ಒಳಗಿನ ಅಂಕಿಯೇ ಬದಲಾಗುತ್ತದೆ. ಬ್ರಿಟನ್ ಸರ್ಕಾರದ ಡಿಸೈನ್ ಸಿಸ್ಟಮ್ ತಂಡ 2020ರಲ್ಲೇ ಅದನ್ನು ಕೈಬಿಟ್ಟಿತು. ಫೋನಿಗೆ ‘ಟೆಲ್’, ಆಧಾರ್ ಮತ್ತು ಪಿನ್‌ಕೋಡಿಗೆ ‘ಟೆಕ್ಸ್ಟ್’ ಇಟ್ಟು ‘ಇನ್‌ಪುಟ್‌ಮೋಡ್ ನ್ಯೂಮರಿಕ್’ ಸೇರಿಸಿ, ಅಂಕಿಗಳ ಕೀಬೋರ್ಡೇ ಬರುತ್ತದೆ. ಬಾಕ್ಸಿನೊಳಗಿನ ಅಕ್ಷರ 16 ಪಿಕ್ಸೆಲ್‌ಗಿಂತ ಚಿಕ್ಕದಿದ್ದರೆ ಐಫೋನು ಮುಟ್ಟಿದೊಡನೆ ಪುಟವನ್ನು ಹಿಗ್ಗಿಸಿಬಿಡುತ್ತದೆ, ಅದನ್ನೂ ನೋಡಿಕೊಳ್ಳಿ.

ಹೆಸರಿಗೆ ಒಂದೇ ಬಾಕ್ಸ್ ಸಾಕು. ‘ಸರ್‌ನೇಮ್ ಕಡ್ಡಾಯ’ ಅಂದರೆ ಇನಿಶಿಯಲ್ ಮಾತ್ರ ಇರುವ ನಮ್ಮ ಜನ ಒಂದು ಚುಕ್ಕಿ ಇಟ್ಟು ಮುಂದೆ ಹೋಗುತ್ತಾರೆ, ನಾಳೆ ಬ್ಯಾಂಕಿನ ಹೆಸರಿಗೆ ಅದು ಹೊಂದುವುದಿಲ್ಲ. ಲೇಬಲ್ಲಿನಲ್ಲಿ ‘ಪಾಸ್‌ಬುಕ್ಕಿನಲ್ಲಿ ಇರುವಂತೆ ಹೆಸರು’ ಎಂದೇ ಬರೆಯಿರಿ. ಕನ್ನಡದಲ್ಲಿ ಬರೆಯಲು ಬಿಡುವುದಾದರೆ ರೆಗೆಕ್ಸ್‌ನಲ್ಲಿ ‘ಅಕ್ಷರ’ ಎಂಬ ವರ್ಗವಷ್ಟೇ ಇದ್ದರೆ ಸಾಲದು, ಕಾಗುಣಿತದ ಚಿಹ್ನೆಗಳು ಬೇರೆ ವರ್ಗದಲ್ಲಿವೆ. ಅದನ್ನು ಮರೆತರೆ ‘ಕಮಲ’ ಪಾಸಾಗಿ ‘ಗೀತಾ’ ಫೇಲಾಗುತ್ತಾಳೆ.

ಬ್ಯಾಂಕ್ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಕೋಡ್ 11 ಅಕ್ಷರದ್ದು, ಐದನೆಯದು ಯಾವಾಗಲೂ ಸೊನ್ನೆ. ಜನ ಅಲ್ಲಿ ಇಂಗ್ಲಿಷಿನ ‘ಓ’ ಒತ್ತುತ್ತಾರೆ. ಬೈಯುವ ಬದಲು ಐದನೇ ಜಾಗದ ‘ಓ’ವನ್ನು ನೀವೇ ಸೊನ್ನೆ ಮಾಡಿಕೊಳ್ಳಿ. ಜಿಲ್ಲೆಗಳ ಪಟ್ಟಿಯಲ್ಲಿ ವಿಜಯನಗರ ಸೇರಿ 31 ಇವೆಯೇ ನೋಡಿ. ಕನ್ನಡ ಪಟ್ಟಿಯನ್ನು ಇಂಗ್ಲಿಷ್ ಕಾಗುಣಿತದ ಕ್ರಮದಲ್ಲಿ ಬಿಟ್ಟರೆ ಉಡುಪಿಯವರು ಪಟ್ಟಿಯ ತಳದವರೆಗೂ ಹೋಗಿ ಹುಡುಕಬೇಕು, ಕನ್ನಡ ವರ್ಣಮಾಲೆಯಲ್ಲಾದರೆ ಅದು ಶುರುವಿನಲ್ಲೇ ಇದೆ.

ಅಪ್‌ಲೋಡ್ ಜಾಗದಲ್ಲಿ ‘200 ಕೆಬಿ ಒಳಗಿರಲಿ’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಫೋನಿನಲ್ಲಿ ತೆಗೆದ ಒಂದು ಫೋಟೋ ಎಂದರೆ ಎರಡು ಮೂರು ಎಂಬಿ. ಅದನ್ನು ಚಿಕ್ಕದು ಮಾಡುವ ಕೆಲಸ ಕೋಡಿನದು, ಬ್ರೌಸರಿನಲ್ಲೇ ಚಿತ್ರಗಳಿಗೆಂದು ಇರುವ ‘ಕ್ಯಾನ್ವಾಸ್’ ಸೌಲಭ್ಯ ಬಳಸಿ ಮಾಡಬಹುದು. ತಪ್ಪಿದ್ದಲ್ಲಿ ಸಂದೇಶ ಆ ಬಾಕ್ಸಿನ ಪಕ್ಕದಲ್ಲೇ ಬರಲಿ, ತುಂಬಿದ್ದು ಯಾವುದೂ ಅಳಿಯದಿರಲಿ.

ಇಷ್ಟಾದ ಮೇಲೂ ಹಂತ ಬೇಕೇ ಬೇಕು ಅನ್ನಿಸಿದರೆ ಒಂದೇ ಕಡೆ ಒಡೆಯಿರಿ: ಕಾಗದಪತ್ರ ಕೇಳುವ ಮುಂಚೆ. ಅಲ್ಲಿಯವರೆಗಿನದನ್ನು ಉಳಿಸಿ, ಅದೇ ಮೊಬೈಲ್ ನಂಬರಿನಿಂದ ಮತ್ತೆ ತೆರೆಯುವಂತಿರಲಿ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಯಾರಿಗೂ ಬಾಯಿಪಾಠ ಇರುವುದಿಲ್ಲ, ಅದನ್ನು ತರಲು ಮನೆಗೇ ಹೋಗಬೇಕು. ಹಾಗಾಗಿ ಏನೇನು ಬೇಕು ಎಂಬ ಪಟ್ಟಿ ಮೊದಲ ಬಾಕ್ಸಿಗಿಂತ ಮೇಲೆ ಇರಲಿ.